ಆರಾಮ ಆಗ್ತದ

ನಮ್ಮ ಕಡೆ ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳುವುದೇ ‘ಆರಾಮ ಇದ್ದೀರಿ?’ ಅಂತ. ಜ್ವರ ಬಂದರೆ ‘ಮೈಯಾಗ ಆರಾಮಿಲ್ಲ’, ಬಿಟ್ಟರೆ ‘ಆರಾಮ ಆಯ್ತು’, ಹೊಲದಿಂದ ಬಂದವರಿಗೆ ‘ಕೂಡ್ರಿ, ಜರಾ ಆರಾಮ ಮಾಡ್ರಿ’. ಮಹಾರಾಷ್ಟ್ರದ ಗಡಿಯ ಔರಾದ ಶಹಾಜನಿ, ನಿಲಂಗಾ, ಉದಗೀರ, ಉಮರ್ಗಾದ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಒಳಗೆ ಕನ್ನಡ, ಶಾಲೆಯಲ್ಲೂ ತಲಾಠಿಯ ಮುಂದೆಯೂ ಮರಾಠಿ, ಬಜಾರದಲ್ಲಿ ದಖನಿ. ಈ ಮೂರು ಭಾಷೆಗಳ ನಡುವೆ ಯಾವ ತಡೆಯೂ ಇಲ್ಲದೆ ಓಡಾಡುವ ಮಾತು ಇದು. ಆದರೆ ಓಡಾಡುವಾಗ ಅದರ ಅರ್ಥ ಸ್ವಲ್ಪ ಸರಿಯುತ್ತದೆ. ಮರಾಠಿಯಲ್ಲಿ ‘ಆರಾಮ್ ಪಡೇಲ್’ ಅಂದರೆ ನೋವು ಇಳಿದೀತು, ಜೀವಕ್ಕೆ ಹಗುರ ಅನಿಸೀತು ಅಂತ. ರೋಗವೇ ಹೋಗುತ್ತದೆ ಅನ್ನುವುದಕ್ಕೆ ಅವರಲ್ಲಿ ‘ಬರಂ ಹೋಯೀಲ್’ ಎಂಬ ಬೇರೆ ಮಾತಿದೆ. ನಮ್ಮ ಕನ್ನಡದಲ್ಲಿ ‘ಆರಾಮ ಆಗ್ತದ’ ಅಂದರೆ ರೋಗ ಹೋಗುತ್ತದೆ ಅಂತಲೇ ಅರ್ಥ.

ಈ ಇಷ್ಟೇ ಇಷ್ಟು ಅಂತರದಲ್ಲಿ ನನ್ನ ಚಿಗವ್ವನ ಕೊನೆಯ ಏಳು ತಿಂಗಳು ಹೋದವು.

ಅವಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಹೋಗಲು ಶುರುವಾಗಿದ್ದನ್ನು ಹಳೇ ಸೀರೆಯ ಅರಿವೆಯಲ್ಲಿ ಒಂದು ವರ್ಷ ಮುಚ್ಚಿಟ್ಟಿದ್ದಳು. ಕಾಲು ಬಾತು ನಡೆಯಲಾಗದೆ ಹೋದಾಗ ಮಗ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದ. ಫೈಲು ಹಿಡಿದುಕೊಂಡು ನಾನೂ ಹೋಗಿದ್ದೆ. ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. ಹೊರಗೆ ಬೆಂಚಿನ ಮೇಲೂ ಗೋಡೆಗುಂಟಲೂ ಐವತ್ತು ಅರವತ್ತು ಜನ. ಸ್ಕ್ಯಾನಿನ ಹಾಳೆ ದೀಪದ ಮುಂದೆ ಹಿಡಿದು ಮಗನ ಕಡೆಗೂ ನನ್ನ ಕಡೆಗೂ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದರು: ಗಡ್ಡೆ ಮೂತ್ರನಾಳವನ್ನು ಒತ್ತಿದೆ, ಯಕೃತ್ತಿಗೂ ಹೋಗಿದೆ, ಆಪರೇಶನ್ ಆಗುವಂಥದ್ದಲ್ಲ. ಆಮೇಲೆ ಸ್ಟೂಲಿನ ಮೇಲೆ ಸೆರಗು ಹೊದ್ದು ಕುಳಿತಿದ್ದ ಚಿಗವ್ವನ ಕಡೆ ತಿರುಗಿ, ಹೆಗಲ ಮೇಲೆ ಕೈಯಿಟ್ಟು, ಅದೇ ಡಾಕ್ಟರು ಮರಾಠಿಯಲ್ಲಿ ಅಂದರು: ಆಜಿ, ಹತ್ತು ದಿನ ಲೈಟ್ ತಗೋಬೇಕು, ಆರಾಮ್ ಪಡೇಲ್. ಅವಳು ಮಗನ ಮುಖ ನೋಡಿದಳು. ಅವನು ಕನ್ನಡದಲ್ಲಿ ಹೇಳಿದ: ‘ಹತ್ತು ದಿನ ಕರೆಂಟ್ ಇಡ್ತಾರ, ಅವ್ವ. ಆರಾಮ ಆಗ್ತದ.’

ಯಾರೂ ಸುಳ್ಳು ಹೇಳಲಿಲ್ಲ. ಡಾಕ್ಟರು ಹೇಳಿದ್ದು ನಿಜ, ಮಗ ತರ್ಜುಮೆ ಮಾಡಿದ್ದೂ ಪದಕ್ಕೆ ಪದ ಸರಿ. ಫೈಲಿನಲ್ಲಿ ಮಾತ್ರ ಇಂಗ್ಲಿಷಿನಲ್ಲಿ ‘ಪ್ಯಾಲಿಯೇಟಿವ್’ ಅಂತ ಒಂದು ಶಬ್ದ ಬರೆದಿತ್ತು: ಗುಣ ಮಾಡಲಿಕ್ಕಲ್ಲ, ನೋವು ಇಳಿಸಲಿಕ್ಕೆ ಅಂತ. ನಾನು ಅದನ್ನು ಓದುವುದನ್ನು ನೋಡಿದ ಚಿಗವ್ವನ ಮಗ, ಸುಮ್ಮನಿರು ಅನ್ನುವಂತೆ ತಲೆ ಅಲ್ಲಾಡಿಸಿದ. ನಾನು ಸುಮ್ಮನಾದೆ. ಒಪ್ಪಿಗೆಯ ಕಾಗದಕ್ಕೆ ಚಿಗವ್ವ ಹೆಬ್ಬೆಟ್ಟು ಒತ್ತಿದಳು. ಯಾವುದಕ್ಕೆ ಒಪ್ಪುತ್ತಿದ್ದಾಳೆ ಎನ್ನುವುದು ಆ ಕೋಣೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಹತ್ತು ದಿನದ ಕರೆಂಟಿಗೆ, ಅಂದರೆ ವಿಕಿರಣ ಚಿಕಿತ್ಸೆಗೆ, ರಕ್ತ ನಿಂತಿತು. ಆ ಚಿಕಿತ್ಸೆ ಇರುವುದೇ ಅದಕ್ಕೆ. ಅವಳ ಲೆಕ್ಕದಲ್ಲಿ ಜಡ್ಡೇ ಹೋಯಿತು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಮಗಳಿಗೆ ತನ್ನ ಹೆಸರಿನ ಎರಡು ಎಕರೆ ಬರೆದುಕೊಡಬೇಕೆಂದು ಅವಳಿಗೆ ಬಹಳ ದಿನದಿಂದ ಇತ್ತು. ‘ಪೂರ್ತಿ ಆರಾಮ ಆದ ಮ್ಯಾಲ ನಿಲಂಗಾಕ್ಕ ಹೋಗಿ ರಜಿಸ್ಟ್ರಿ ಮಾಡಿಸ್ತೀನಿ’ ಅನ್ನುತ್ತಿದ್ದಳು. ಸೋಯಾಬೀನ್ ರಾಶಿ ಮುಗಿಯಲಿ ಅಂದಳು, ದೀಪಾವಳಿ ಹೋಗಲಿ ಅಂದಳು. ಸಂಕ್ರಾಂತಿಯ ಹೊತ್ತಿಗೆ ಎದ್ದು ಕೂಡುವುದೂ ಆಗಲಿಲ್ಲ. ಒಂದು ರಾತ್ರಿ ನನ್ನನ್ನು ಹತ್ತಿರ ಕರೆದು ಕೇಳಿದಳು: ‘ಎಲ್ಲಾರೂ ಆರಾಮ ಆಗ್ತದ ಅಂತೀರಿ. ಮತ್ತ ಯಾಕ ಒಬ್ಬೊಬ್ಬರೇ ಬಂದು ಮಾರಿ ನೋಡಿ ಹೋಗ್ಲತ್ತೀರಿ?’ ನಾನು ‘ಸುಮ್ಮ ಮಲಕೋ ಚಿಗವ್ವ’ ಅಂದೆ. ಅದಕ್ಕಿಂತ ಕೆಟ್ಟ ಮಾತು ನಾನು ಯಾರಿಗೂ ಆಡಿಲ್ಲ. ಆ ಎರಡು ಎಕರೆಗೆ ಈಗ ಅಣ್ಣ ತಂಗಿಯರ ನಡುವೆ ವ್ಯಾಜ್ಯ ನಡೆದಿದೆ.

ವಾಸಿಯಾಗದ ಕ್ಯಾನ್ಸರ್ ಇರುವವರಿಗೆ ಅದನ್ನು ಹೇಳಬೇಕೋ ಬೇಡವೋ ಎಂದು ನಮ್ಮಲ್ಲಿ ಚರ್ಚೆ ಮಾಡುವಾಗಲೆಲ್ಲ ಆ ಚರ್ಚೆ ಡಾಕ್ಟರು ಮತ್ತು ಮನೆಯವರ ನಡುವೆಯೇ ನಡೆಯುತ್ತದೆ. ರೋಗಿ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಗೆ. ಎಲ್ಲರಿಗೂ ಎಲ್ಲವನ್ನೂ ಎದುರಿಗೇ ಹೇಳಿಬಿಡಿ ಎಂದು ನಾನು ವಾದಿಸುತ್ತಿಲ್ಲ. ತಿಳಿಯುವುದು ಬೇಡ, ನೀವೇ ನೋಡಿಕೊಳ್ಳಿ ಅನ್ನುವ ಹಕ್ಕೂ ಮನುಷ್ಯನಿಗಿದೆ. ಹಾಗೆ ಅನ್ನುವ ಹಿರಿಯರನ್ನು ಕಂಡಿದ್ದೇನೆ. ಆದರೆ ಹಾಗನ್ನಬೇಕಾದವರು ಅವರೇ. ‘ನಿಮ್ಮ ಜಡ್ಡಿನ ಬಗ್ಗೆ ನಿಮಗ ಎಷ್ಟು ತಿಳೀಬೇಕು ಅನಸ್ತದ? ಎಲ್ಲಾ ನಿಮಗೇ ಹೇಳ್ಲಾ, ಮಗನಿಗೆ ಹೇಳ್ಲಾ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಕೆಟ್ಟ ಸುದ್ದಿ ತಿಳಿಸುವ ಕ್ರಮವನ್ನು ಕಲಿಸುವ, 2000ದಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯರು ಬರೆದ ‘ಸ್ಪೈಕ್ಸ್’ ಎಂಬ ಆರು ಹೆಜ್ಜೆಯ ಪಾಠದಲ್ಲೂ ಸುದ್ದಿ ಹೇಳುವುದಕ್ಕೆ ಮುಂಚೆ ರೋಗಿಗೆ ಏನು ಗೊತ್ತಿದೆ, ಎಷ್ಟು ತಿಳಿಯುವ ಮನಸ್ಸಿದೆ ಎಂದು ಕೇಳುವ ಹೆಜ್ಜೆಗಳು ಬರುತ್ತವೆ. ಚಿಗವ್ವನಿಗೆ ಯಾರೂ ಇದನ್ನು ಕೇಳಲಿಲ್ಲ. ಕೇಳಿದ್ದರೆ ಏನನ್ನುತ್ತಿದ್ದಳೋ, ಈಗ ಯಾರು ಹೇಳಬಲ್ಲರು?

ಮಗನ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ಧೈರ್ಯ ಕಳಕೋತಾಳ, ಊಟ ಬಿಡ್ತಾಳ, ನಾಳೆ ಸಾಯೋದು ಇವತ್ತೇ ಸಾಯ್ತಾಳ ಎಂದು ಅವನು ನಿಜವಾಗಿ ನಂಬಿದ್ದ. ಈ ಪ್ರೀತಿಯ ಮುಚ್ಚುಮರೆಗೆ ವೈದ್ಯಕೀಯದಲ್ಲಿ ಒಂದು ಹೆಸರೇ ಇದೆ; ಬೆಂಗಳೂರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ, ಪ್ರಭಾ ಚಂದ್ರ ಮೊದಲಾದ ಮನೋವೈದ್ಯರು ಬಹಳ ಹಿಂದೆಯೇ ಅದರ ಬಗ್ಗೆ ಬರೆದಿದ್ದಾರೆ. ಡಾಕ್ಟರು ಮತ್ತು ಮನೆಯವರು ಒಂದಾಗಿ ರೋಗಿಯಿಂದ ಗುಟ್ಟು ಕಾಯುತ್ತಾರೆ. ರೋಗಿಗೆ ಹೇಗೋ ಗೊತ್ತಾಗಿರುತ್ತದೆ, ಮನೆಯವರಿಗೆ ನೋವಾಗದಿರಲಿ ಎಂದು ಅವರೂ ಗೊತ್ತಿಲ್ಲದಂತೆ ಇರುತ್ತಾರೆ. ಒಂದೇ ಚಾವಣಿಯ ಕೆಳಗೆ ಎಲ್ಲರೂ ಒಬ್ಬರಿಗೊಬ್ಬರು ಹೆದರಿ ಬೇರೆ ಬೇರೆಯಾಗಿ ಅಳುತ್ತಾರೆ. ಚಿಗವ್ವ ಆ ರಾತ್ರಿ ಕೇಳಿದ ಪ್ರಶ್ನೆ ಗೊತ್ತಿಲ್ಲದವಳ ಪ್ರಶ್ನೆಯೇ? ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದು ತನ್ನ ಜೊತೆ ಆ ವಿಷಯ ಮಾತಾಡುವ ಒಂದು ಮನುಷ್ಯ ಜೀವವನ್ನು.

ಕಾಯಿದೆಯಲ್ಲಿಯೂ ಈ ಗೊಂದಲ ಸ್ವಲ್ಪ ಉಳಿದಿದೆ. ವೈದ್ಯರ ನಡವಳಿಕೆಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳಲ್ಲಿ ರೋಗದ ಮುಂದಿನ ಗತಿಯ ಬಗ್ಗೆಯೇ ಒಂದು ಕಲಮು ಇದೆ. ಇರುವ ಗಂಭೀರತೆಯನ್ನು ದೊಡ್ಡದು ಮಾಡಲೂ ಬಾರದು, ಸಣ್ಣದು ಮಾಡಲೂ ಬಾರದು ಎನ್ನುತ್ತದೆ ಅದು. ಅಲ್ಲಿಯವರೆಗೆ ಚೆನ್ನ. ಆದರೆ ರೋಗಿಗೆ, ಇಲ್ಲವೆ ಸಂಬಂಧಿಕರಿಗೆ, ಇಲ್ಲವೆ ಜವಾಬ್ದಾರಿಯುಳ್ಳ ಸ್ನೇಹಿತರಿಗೆ ತಿಳಿದರಾಯಿತು ಎಂಬ ಅರ್ಥ ಬರುವಂತೆ ಮುಂದುವರಿಯುತ್ತದೆ. ಈ ‘ಇಲ್ಲವೆ’ ಎಂಬ ಬಾಗಿಲಿನಿಂದಲೇ ಲಕ್ಷಾಂತರ ರೋಗಿಗಳು ಹೊರಗುಳಿದಿದ್ದಾರೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟವಾಗಿ ಹೇಳಿತು: ಬುದ್ಧಿ ನೆಟ್ಟಗಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಅದೂ ಚಿಕಿತ್ಸೆ ಏನು, ಎತ್ತ ಎಂದು ಸಾಕಷ್ಟು ತಿಳಿಸಿದ ಮೇಲೆ. 2018ರ ಮಾರ್ಚಿನಲ್ಲಿ ಅದೇ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದಿತು. ಕೊನೆಗಾಲದಲ್ಲಿ ಯಂತ್ರಕ್ಕೆ ಹಾಕಬೇಡಿ ಎಂದು ಮುಂಚೆಯೇ ಬರೆದಿಡುವ ಅಧಿಕಾರ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇದೆಲ್ಲ ಒಳ್ಳೆಯದೇ. ಆದರೆ ತಾನು ಸಾಯುತ್ತಿರುವುದೇ ಗೊತ್ತಿಲ್ಲದವಳು ಏನನ್ನು ಬರೆದಿಟ್ಟಾಳು?

ಡಾಕ್ಟರುಗಳ ಕಷ್ಟವನ್ನೂ ಹೇಳಬೇಕು. ಇದು ನಮ್ಮ ಹಳ್ಳಿಯ ಕತೆ ಮಾತ್ರವಾಗಿದ್ದರೆ ಅವಿದ್ಯೆ ಅಂದುಬಿಡಬಹುದಿತ್ತು. ಅಮೆರಿಕದಲ್ಲಿ ದೇಹದ ಬೇರೆ ಭಾಗಗಳಿಗೆ ಹರಡಿದ ಶ್ವಾಸಕೋಶ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ 1,193 ಜನರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆ ಕೀಮೋ ಆಯುಷ್ಯ ಸ್ವಲ್ಪ ಎಳೆಯಬಲ್ಲದು, ನೋವು ಇಳಿಸಬಲ್ಲದು, ಗುಣ ಮಾಡಲಾರದು. ಶ್ವಾಸಕೋಶದವರಲ್ಲಿ ನೂರಕ್ಕೆ 69, ಕರುಳಿನವರಲ್ಲಿ ನೂರಕ್ಕೆ 81 ಮಂದಿಗೆ ಇದು ತಿಳಿದಿರಲಿಲ್ಲ. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ನಮ್ಮ ಡಾಕ್ಟರು ಬಹಳ ಚೆನ್ನಾಗಿ ಮಾತಾಡುತ್ತಾರೆ ಎಂದು ಹೆಚ್ಚು ಅಂಕ ಕೊಟ್ಟವರಲ್ಲೇ ಈ ತಪ್ಪು ತಿಳಿವಳಿಕೆ ಹೆಚ್ಚಾಗಿತ್ತು. ಅಂದರೆ ಹೆಗಲ ಮೇಲೆ ಕೈಯಿಟ್ಟು ‘ಆರಾಮ್ ಪಡೇಲ್’ ಅನ್ನುವ ಡಾಕ್ಟರನ್ನು ಎಲ್ಲರೂ ಮೆಚ್ಚುತ್ತಾರೆ. ನಿಜ ಹೇಳಿದವರು ಕಟುಕರೆನಿಸುತ್ತಾರೆ. ಮಾತು ಮಿತಿಮೀರಿ ಆಸ್ಪತ್ರೆಗೆ ಕಲ್ಲು ಬಿದ್ದದ್ದು, ಹೊಡೆದಾಟವಾದದ್ದು ನೋಡಿದ ತರುಣ ಡಾಕ್ಟರು ಯಾವ ಧೈರ್ಯದಲ್ಲಿ ಬಾಯಿ ತೆರೆಯಬೇಕು?

ಇನ್ನೊಂದು ಕಷ್ಟ ಅವರಿಗೂ ಗೊತ್ತಿಲ್ಲದಿರುವುದು. ‘ಇನ್ನ ಎಷ್ಟು ದಿನ?’ ಎಂದು ಎಲ್ಲರೂ ಕೇಳುತ್ತಾರೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಂಟ್ ಷಿಕಾಗೋದಲ್ಲಿ, ಕೊನೆಯ ಹಂತದ 468 ರೋಗಿಗಳ ಬಗ್ಗೆ ಅವರವರ ಡಾಕ್ಟರುಗಳನ್ನೇ ಕೇಳಿ ಬರೆಸಿಕೊಂಡು, ಆಮೇಲೆ ನಿಜವಾಗಿ ಎಷ್ಟು ದಿನ ಬದುಕಿದರು ಎಂದು ತಾಳೆ ನೋಡಿದರು. ಸರಿಸುಮಾರು ನಿಜವಾಗಿದ್ದು ಐದರಲ್ಲಿ ಒಂದು ಅಂದಾಜು. ಉಳಿದವುಗಳಲ್ಲಿ ಹೆಚ್ಚಿನವು ಅತಿಯಾದ ಆಸೆಯವು. ಒಟ್ಟಾರೆ ಡಾಕ್ಟರುಗಳು ಇದ್ದದ್ದಕ್ಕಿಂತ ಐದು ಪಟ್ಟು ಹೆಚ್ಚು ಹೇಳಿದ್ದರು. ರೋಗಿಯ ಪರಿಚಯ ಹಳೆಯದಾದಷ್ಟೂ ಅಂದಾಜು ಹೆಚ್ಚು ತಪ್ಪಿತ್ತು. ಪ್ರೀತಿ ಬೆಳೆದಲ್ಲಿ ಕಣ್ಣು ಮಂಜಾಗುತ್ತದೆ, ಡಾಕ್ಟರಿಗೂ ಮಗನಿಗೂ.

ಆದ್ದರಿಂದ ದಿನದ ಲೆಕ್ಕ ಹೇಳುವುದು ಬೇಕಿಲ್ಲ, ಹೇಳಲೂ ಬಾರದು. ನಮ್ಮ ಜನ ಕಾಲವನ್ನು ಎಣಿಸುವ ರೀತಿಯೇ ಇದಕ್ಕೆ ಹೆಚ್ಚು ಸರಿ. ‘ಈ ರಾಶಿ ನೀವು ನೋಡ್ತೀರಿ ಅಂತ ನಮಗ ಅನಸ್ತದ. ಮುಂದಿನ ಯುಗಾದಿ ನಾನು ಹೇಳಲಾರೆ. ಮಾಡಬೇಕಾದ ಕೆಲಸ ಏನರೆ ಇದ್ರ ಕೈಕಾಲು ಗಟ್ಟಿ ಇರೋದ್ರೊಳಗ ಮಾಡಿ ಮುಗಸ್ರಿ.’ ಇಷ್ಟು ಹೇಳಿದರೆ ಸುಳ್ಳೂ ಇಲ್ಲ, ಶಾಪವೂ ಇಲ್ಲ. ರೈತ ಹೆಣ್ಣುಮಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದೀತು, ಬರದೇ ಹೋದೀತು ಎಂಬ ಅನಿಶ್ಚಯದಲ್ಲೇ ಬೀಜ ಬಿತ್ತಿ ಬದುಕು ಕಳೆದವಳು ಅವಳು.

‘ಆರಾಮ’ದ ಆಚೆ ತುದಿಗೆ ಇನ್ನೊಂದು ಮಾತಿದೆ: ‘ಮನಿಗೆ ಒಯ್ದು ಸೇವಾ ಮಾಡ್ರಿ.’ ಮರಾಠಿಯಲ್ಲೂ ಹಿಂದಿಯಲ್ಲೂ ದಖನಿಯಲ್ಲೂ ಡಾಕ್ಟರುಗಳು ಇದನ್ನೇ ಅನ್ನುತ್ತಾರೆ. ನಮ್ಮ ಕಡೆಯ ಎಲ್ಲರಿಗೂ ಇದರ ಅರ್ಥ ಗೊತ್ತು: ಇನ್ನು ಬರಬೇಡಿ. ನಿನ್ನೆಯವರೆಗೆ ಆರಾಮ, ಇವತ್ತು ಸೇವಾ. ಎರಡರ ನಡುವೆ ಏನೂ ಇಲ್ಲವೆ? ಇದೆ. ಪ್ಯಾಲಿಯೇಟಿವ್ ಚಿಕಿತ್ಸೆ ಎನ್ನುವುದು ಆ ನಡುವಿನ ಜಾಗದ ಹೆಸರು. ಕನ್ನಡದಲ್ಲಿ ಉಪಶಮನ ಚಿಕಿತ್ಸೆ ಅನ್ನುತ್ತಾರೆ. ರಕ್ತ ನಿಲ್ಲಿಸುವ ಹತ್ತು ದಿನದ ಕರೆಂಟು ಅದರ ಭಾಗ. ನೋವಿಗೆ ಮಾರ್ಫಿನ್ ಗುಳಿಗೆ, ಅದರಿಂದ ಮಲ ಕಟ್ಟದಿರಲು ಜೊತೆಗೊಂದು ಔಷಧಿ, ವಾಂತಿಗೆ ಔಷಧಿ, ಕೊಳೆತ ಹುಣ್ಣಿನ ವಾಸನೆ ಹೋಗಲು ಗುಳಿಗೆ ಪುಡಿ ಮಾಡಿ ಉದುರಿಸುವ ಉಪಾಯ, ಮಲಗಿದಲ್ಲೇ ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ಕಲಿಸುವುದು, ಮನೆಯವರ ಜೊತೆ ಕುಳಿತು ಮಾತಾಡುವುದು, ಎಲ್ಲ ಅದರಲ್ಲಿ ಬರುತ್ತದೆ. ಚಿಗವ್ವನಿಗೆ ಕೊನೆಯ ತಿಂಗಳು ಸಿಕ್ಕಿದ್ದು ಜ್ವರಕ್ಕೆ ಕೊಡುವ ಗುಳಿಗೆ. ಮಾರ್ಫಿನ್ ಅನ್ನುವ ಹೆಸರನ್ನು ನಮಗೆ ಯಾರೂ ಹೇಳಲಿಲ್ಲ. ಕೇಳಬೇಕು ಅನ್ನುವುದು ನಮಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿರಲು ಕಾರಣವೂ ಇದೆ. 1985ರ ಮಾದಕ ವಸ್ತು ಕಾಯಿದೆ ಬಂದ ಮೇಲೆ ಆಸ್ಪತ್ರೆಗಳು ಪರವಾನಗಿಯ ಜಂಜಾಟಕ್ಕೆ ಹೆದರಿ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದಿಡೀ ಪೀಳಿಗೆಯ ಡಾಕ್ಟರುಗಳು ಅದನ್ನು ಬರೆದುಕೊಡುವುದನ್ನು ಕಲಿಯದೆಯೇ ಡಾಕ್ಟರಾದರು. ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲಿ ಶುರುಮಾಡಿದ ಸಣ್ಣ ಕ್ಲಿನಿಕ್ ಬೆಳೆದು ಊರೂರಿನ ಸ್ವಯಂಸೇವಕರ ಚಳವಳಿಯಾಯಿತು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಗೆ ನೀತಿಯನ್ನೇ ಮಾಡಿತು. ಮಹಾರಾಷ್ಟ್ರದ ನೀತಿ 2012ರದು, ಕರ್ನಾಟಕದ್ದು 2016ರದು. 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ಮಾರ್ಫಿನ್ ಪರವಾನಗಿಯನ್ನು ಸುಲಭ ಮಾಡಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಒಂದು ಪೈಸೆ ತೆಗೆದುಕೊಳ್ಳದೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ಕಾಗದದ ಮೇಲೆ ಗಡಿಯ ಎರಡೂ ಬದಿಗೆ ನೀತಿಯಿದೆ. ಗಡಿಯ ಮೇಲಿನ ಹಳ್ಳಿಯ ಹೊರಸಿನವರೆಗೆ ಅದು ನಡೆದು ಬರಬೇಕಾಗಿದೆ.

ಉಪಶಮನದ ಮಾತೆತ್ತಿದರೆ ರೋಗಿ ಆಸೆ ಬಿಟ್ಟು ಬೇಗ ಸಾಯುತ್ತಾರೆ ಎಂಬ ಹೆದರಿಕೆಗೂ ಉತ್ತರ ಸಿಕ್ಕಿದೆ. ಬಾಸ್ಟನ್ನಿನಲ್ಲಿ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ. 2010ರಲ್ಲಿ ಬಂದ ಫಲಿತಾಂಶದಲ್ಲಿ ಎರಡನೇ ಗುಂಪಿನವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಖಿನ್ನತೆ ಕಡಿಮೆಯಿತ್ತು, ಕೊನೆಗಾಲದ ಉಗ್ರ ಚಿಕಿತ್ಸೆಗಳನ್ನು ಅವರು ಕಡಿಮೆ ತೆಗೆದುಕೊಂಡಿದ್ದರು. ಬದುಕಿದ್ದೂ ಅವರೇ ಹೆಚ್ಚು: 8.9 ತಿಂಗಳ ಎದುರು 11.6 ತಿಂಗಳು.

‘ಇದೆಲ್ಲ ಅಮೆರಿಕದವರಿಗೆ ಸರಿ, ನಮ್ಮ ಸಂಸ್ಕೃತಿಯಲ್ಲಿ ಸಾವಿನ ಮಾತು ಆಡುವುದಿಲ್ಲ’ ಎನ್ನುವವರಿದ್ದಾರೆ. ನಮ್ಮ ಸಂಸ್ಕೃತಿ ನಿಜವಾಗಿ ಹಾಗಿತ್ತೇ? ಔರಾದ ಶಹಾಜನಿಯಿಂದ ಬಸವಕಲ್ಯಾಣ ದೂರವಿಲ್ಲ. ಸಾವನ್ನು ಸೋಲೆಂದು ಕಾಣದೆ ಲಿಂಗದಲ್ಲಿ ಐಕ್ಯವಾಗುವುದೆಂದು ಕರೆದ ಶರಣರ ನೆಲ ಇದು. ನನ್ನ ಅಜ್ಜಿಯ ಕಾಲದಲ್ಲಿ ಹೋಗುವ ಜೀವದ ಮುಂದೆ ಜಂಗಮರನ್ನು ಕರೆಸಿ ವಿಭೂತಿ ಹಚ್ಚಿಸುತ್ತಿದ್ದರು. ಮಲಗಿದವರು ಆಗುವಷ್ಟು ಕೈಯೆತ್ತಿ ಶರಣು ಮಾಡುತ್ತಿದ್ದರು. ‘ಏನರೆ ಆಸೆ ಅದ ಏನು? ಯಾರನ್ನರೆ ನೋಡಬೇಕು ಅನಸ್ತದ ಏನು?’ ಎಂದು ಬಾಯಿಬಿಟ್ಟು ಕೇಳುತ್ತಿದ್ದರು. ಕೊಟ್ಟದ್ದು ತಗೊಂಡದ್ದು ಹೇಳಿಸುತ್ತಿದ್ದರು, ಮುನಿಸು ಇದ್ದವರನ್ನು ಕರೆಸಿ ನೀರು ಹಾಕಿಸುತ್ತಿದ್ದರು. ಅದು ಸಾವಿನ ಮಾತಲ್ಲದೆ ಮತ್ತೇನು? ಆ ಮಾತು ಸಾಯುವವರ ಎದುರಿಗೇ, ಸಾಯುವವರ ಜೊತೆಗೇ ನಡೆಯುತ್ತಿತ್ತು. ಮುಚ್ಚಿಡುವುದು ನಮ್ಮ ಪರಂಪರೆಯೇನಲ್ಲ; ಸಾವು ಮನೆಯಿಂದ ಆಸ್ಪತ್ರೆಗೆ ಹೋದ ಮೇಲೆ, ಫೈಲು ಇಂಗ್ಲಿಷಿಗೆ ಹೋದ ಮೇಲೆ ಕಲಿತ ಹೊಸ ಚಾಳಿ.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪ ನಮ್ಮ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಗಣಪತಿ ಕಳಿಸಿ ಬಂದು ಮಲಗಿದ ಕಿಲ್ಲಾರಿಯ ಜನ, ಉಮರ್ಗಾ ಕಡೆಯ ಹಳ್ಳಿಗಳ ಜನ ಕಲ್ಲು ಮಣ್ಣಿನ ಕೆಳಗೆ ಹೋದರು. ಅವರ ನೆಂಟರು ಇವತ್ತಿಗೂ ಹೇಳುವುದೊಂದೇ: ಒಂದು ಮಾತು ಆಡಲಿಕ್ಕೆ ಸಿಗಲಿಲ್ಲ. ಕ್ಯಾನ್ಸರ್ ಕ್ರೂರವಾದದ್ದೇ. ಆದರೆ ಅದು ಎಷ್ಟೋ ಸಲ ಆ ಒಂದು ಮಾತಿಗೆ ಸಮಯ ಕೊಡುತ್ತದೆ. ಭೂಕಂಪ ಕಸಿದುಕೊಂಡದ್ದನ್ನು ರೋಗ ಕೊಟ್ಟಿದೆ, ನಾವು ಕೈಯಾರೆ ಕಸಿಯುತ್ತಿದ್ದೇವೆ.

ಹಳ್ಳಿಯ ಹೆಂಗಸರಿಗೆ ಕ್ಯಾನ್ಸರ್ ಅಂದರೆ ಹೆದರಿ ಓಡಿಹೋಗುತ್ತಾರೆ ಎನ್ನುವ ಮಾತಿಗೂ ನಮ್ಮ ನೆರೆಯಲ್ಲೇ ಪುರಾವೆ ಇದೆ, ವಿರುದ್ಧ ಪುರಾವೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅದರ ಕಾರ್ಯಕರ್ತರು ಊರೂರು ತಿರುಗಿ ಕ್ಯಾನ್ಸರಿನ ಲಕ್ಷಣಗಳನ್ನು ಹೆಸರಿಟ್ಟು ಹೇಳಿದರು, ಮುಚ್ಚುಮರೆ ಮಾಡಲಿಲ್ಲ. ಕಸ್ತೂರಿ ಜಯಂತ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟು: ತಿಳಿವಳಿಕೆ ಹೆಚ್ಚಿದ್ದರಿಂದ ಹೆಂಗಸರು ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಮುಂಚಿಗಿಂತ ಮೊದಲ ಹಂತದಲ್ಲೇ ಬರತೊಡಗಿದರು. ಯಂತ್ರದಿಂದಾದದ್ದಲ್ಲ ಇದು, ಮಾತಿನಿಂದ ಆದದ್ದು. ಬಾರ್ಶಿಯ ಅನುಭವದಿಂದಲೇ ಮುಂದೆ, 1999ರಲ್ಲಿ, ಉಮರ್ಗಾ ಇರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ, ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸೇರಿ ದೊಡ್ಡದೊಂದು ಪರೀಕ್ಷೆ ನಡೆಸಿದವು. 52 ಹಳ್ಳಿಗುಂಪುಗಳ 30ರಿಂದ 59ರ ವಯಸ್ಸಿನ 1,31,746 ಹೆಂಗಸರು ಅದರಲ್ಲಿದ್ದರು. ಎಚ್‌ಪಿವಿ ವೈರಸ್ಸಿನ ಒಂದೇ ಒಂದು ತಪಾಸಣೆಯಿಂದ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಜಗತ್ತಿನ ತಪಾಸಣಾ ನೀತಿಗಳಿಗೆ ಅದೂ ಒಂದು ಬುನಾದಿಯಾಯಿತು. ತಪಾಸಣೆ ಸಿಗದ ಗುಂಪಿನಲ್ಲಿದ್ದ ಹೆಂಗಸರಿಗೆ ಏನು ತಿಳಿಸಿ ಒಪ್ಪಿಗೆ ಪಡೆದಿರಿ ಎಂಬ ವಾದವೂ ಆಮೇಲೆ ಎದ್ದಿತು. ಆ ಪ್ರಶ್ನೆ ನ್ಯಾಯವಾದದ್ದು. ನಮ್ಮ ಸೀಮೆಯ ಹೆಣ್ಣುಮಕ್ಕಳು ತಮ್ಮ ಮೈಯಿಂದ ಜಗತ್ತಿಗೆ ಇಷ್ಟು ತಿಳಿವಳಿಕೆ ಕೊಟ್ಟಿದ್ದಾರೆ. ಅವರ ಮೈಯ ವಿಷಯ ಅವರಿಗೆ ತಿರುಗಿ ಹೇಳುವುದು ಜಗತ್ತಿನ ಸಾಲ.

ಭಾಷೆಯ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಗಡಿಯಲ್ಲಿ ಎಲ್ಲ ಕೆಡುವುದೂ ಕೂಡುವುದೂ ಅಲ್ಲೇ. 1956ರವರೆಗೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಬದಲಾಯಿತು, ಅಡಿಗೆಮನೆಯ ಮಾತು ಬದಲಾಗಲಿಲ್ಲ. ಕ್ಯಾನ್ಸರ್ ಬಂದ ಮನೆ ಒಂದು ಸಲ ಬಾರ್ಶಿಗೆ, ಒಂದು ಸಲ ಭಾಲ್ಕಿಯಲ್ಲೋ ಉದಗೀರದಲ್ಲೋ ರೈಲು ಹತ್ತಿ ಮುಂಬಯಿಯ ಪರೇಲಿನ ಟಾಟಾ ಆಸ್ಪತ್ರೆಗೆ, ಇನ್ನೊಂದು ಸಲ ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಅಥವಾ ಕಲಬುರಗಿಗೆ ಅಲೆಯುತ್ತದೆ. ಪ್ರತಿ ಊರಿನಲ್ಲೂ ಡಾಕ್ಟರ ಭಾಷೆ ಬೇರೆ. ಗಂಡಸರು ಸಂತೆ, ದುಡಿಮೆ ಅಂತ ಮರಾಠಿ, ಹಿಂದಿ ಆಡುತ್ತಾರೆ; ಮನೆಯಲ್ಲೇ ಮುದುಕಿಯಾದ ಹೆಂಗಸಿಗೆ ಜೀವದ ಮಾತು ಕನ್ನಡದಲ್ಲೇ ಆಗಬೇಕು. ಹೀಗಾಗಿ ಮಗನೇ ದುಭಾಷಿ. ತಾಯಿಯ ಸಾವನ್ನು ತಾಯಿಗೆ ತರ್ಜುಮೆ ಮಾಡಿ ಹೇಳು ಎಂದು ಒಬ್ಬ ಮಗನಿಗೆ ಒಪ್ಪಿಸುವುದು ಅವನ ಮೇಲೂ ಅನ್ಯಾಯ. ಅವನು ‘ಆರಾಮ ಆಗ್ತದ’ ಅನ್ನದೆ ಇನ್ನೇನು ಅಂದಾನು?

ಆಸ್ಪತ್ರೆಗಳು ಇದಕ್ಕೆ ದೊಡ್ಡ ಖರ್ಚೇನೂ ಮಾಡಬೇಕಾಗಿಲ್ಲ. ಗಡಿ ಭಾಗದ ಯಾವ ವಾರ್ಡಿನಲ್ಲೂ ಕನ್ನಡ ಬಲ್ಲ ಒಬ್ಬ ನರ್ಸಮ್ಮ, ಒಬ್ಬ ಆಯಾ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರಿಗೆ ಈ ಕೆಲಸ ಕಲಿಸಿ, ಮನೆಯವರ ಜೊತೆ ಅವರೂ ಕೂಡುವಂತೆ ಮಾಡಬಹುದು. 2019ರಿಂದ ಎಂಬಿಬಿಎಸ್ ಓದಿನಲ್ಲಿ ಮಾತುಕತೆಯ ಪಾಠ ಕಡ್ಡಾಯವಾಗಿದೆ; ಲಾತೂರಿನಲ್ಲೂ ಬೀದರಿನಲ್ಲೂ ಅದರ ಅಭ್ಯಾಸ ಇಂಗ್ಲಿಷಿನಲ್ಲಿ ಮುಗಿಯದೆ ಮರಾಠಿ, ಕನ್ನಡ, ದಖನಿಯಲ್ಲೂ ನಡೆಯಲಿ. ಆಗ ಹುಡುಗ ಡಾಕ್ಟರುಗಳಿಗೆ ‘ಆರಾಮ’ ಎನ್ನುವ ಶಬ್ದ ಎಲ್ಲಿ ಜಾರುತ್ತದೆ ಎನ್ನುವುದು ಕಿವಿಗೆ ಬೀಳುತ್ತದೆ. ಹೇಳಬೇಕಾದದ್ದು ಮೂರೇ ಮಾತು: ‘ಈ ಜಡ್ಡು ಪೂರ್ತಿ ಹೋಗೂದಿಲ್ಲ. ಬ್ಯಾನಿ ಕಡಿಮಿ ಮಾಡಲಿಕ್ಕೆ ನಮ್ಮ ಕಡೆ ಔಷಧ ಅದ. ಕಡೀತನ ನಾವು ನಿಮ್ಮನ್ನ ಬಿಡೂದಿಲ್ಲ.’ ಮೂರನೆಯದನ್ನು ನಡೆಸುವ ವ್ಯವಸ್ಥೆ ಇಲ್ಲದಿದ್ದರೆ ಮೊದಲನೆಯದನ್ನು ಹೇಳುವ ಅಧಿಕಾರ ಡಾಕ್ಟರಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಆದ್ದರಿಂದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಇರಲೇಬೇಕು, ಮನೆಗೆ ಬಂದು ನೋಡುವ ಒಬ್ಬ ನರ್ಸ್ ಇರಲೇಬೇಕು ಎಂದು ನಾನು ಹಟ ಹಿಡಿಯುವುದು. ನಿಜ ಹೇಳುವುದು ಮತ್ತು ಜೊತೆಗಿರುವುದು ಒಂದೇ ಕೆಲಸದ ಎರಡು ಕೈ.

ಓದುತ್ತಿರುವ ನೀವು ನಾಳೆ ಯಾವುದೋ ಆಸ್ಪತ್ರೆಯಲ್ಲಿ ಅವ್ವನ ಸ್ಟೂಲಿನ ಪಕ್ಕ ಫೈಲು ಹಿಡಿದು ನಿಲ್ಲಬೇಕಾಗಿ ಬರಬಹುದು. ಡಾಕ್ಟರು ನಿಮ್ಮ ಕಡೆ ನೋಡಿ ಇಂಗ್ಲಿಷಿನಲ್ಲಿ ಮಾತು ಶುರುಮಾಡಿದರೆ, ದಯವಿಟ್ಟು ಕೈ ಅಡ್ಡ ಹಿಡಿದು ಹೇಳಿ: ಮೊದಲು ಆಕೆಯನ್ನು ಕೇಳಿ, ಆಕೆಗೆ ಎಷ್ಟು ಗೊತ್ತಾಗಬೇಕು ಅಂತ. ‘ಇದು ಗುಣ ಮಾಡುವ ಚಿಕಿತ್ಸೆಯೋ, ನೋವು ಇಳಿಸುವ ಚಿಕಿತ್ಸೆಯೋ?’ ಎಂದು ಇದೇ ಶಬ್ದಗಳಲ್ಲಿ ಕೇಳಿ. ಮನೆಗೆ ಬಂದ ಮೇಲೆ ಯಾವುದಾದರೂ ರಾತ್ರಿ ಆಕೆ ನಿಮ್ಮನ್ನು ಹತ್ತಿರ ಕರೆದು ಕೇಳಿದರೆ, ಸುಮ್ಮನೆ ಮಲಗು ಅನ್ನಬೇಡಿ. ಹೊರಸಿನ ಪಕ್ಕ ಕೂತುಕೊಳ್ಳಿ.